ಡಿಸ್ಕಿನ ಎಲ್ಲೆ ಮತ್ತು ಜಿಆರ್‌ಎಸ್‌ನ ಎಲ್ಲೆ: ಒಂದು ಸಿಸ್‌ಪ್ಲೆಕ್ಸ್‌ನ ರಿಸರ್ವ್ ಪರಿವರ್ತನೆಯ ಪ್ರಕರಣ ಅಧ್ಯಯನ

ಈ ಪ್ರಕರಣ ಒಂದು ಹಣಕಾಸು ಸಂಸ್ಥೆಯ ಮೇನ್‌ಫ್ರೇಮ್ ಕೇಂದ್ರಕ್ಕೆ ಸೇರಿದ್ದು. ಯಂತ್ರಗಳು ಇದ್ದದ್ದು ಹೊರದೇಶದಲ್ಲಿ. ಅವುಗಳ ಆಪರೇಟಿಂಗ್ ಸಿಸ್ಟಮ್ ಆದ ಜಡ್/ಓಎಸ್‌ನ ಉಸ್ತುವಾರಿ, ಇಂದು ಇಂಥ ಅನೇಕ ಕೇಂದ್ರಗಳಲ್ಲಿ ನಡೆಯುವಂತೆ, ಬೆಂಗಳೂರಿನ ಒಂದು ತಂಡದ ಕೈಯಲ್ಲಿತ್ತು. ಸಂಸ್ಥೆಯ ಹೆಸರು ಇಲ್ಲಿ ಅಗತ್ಯವಿಲ್ಲ. ಅಲ್ಲಿ ಮೂರು ವ್ಯವಸ್ಥೆಗಳಿದ್ದವು. ಪಿ1 ಮತ್ತು ಪಿ2 ಎಂದು ಕರೆಯಬಹುದಾದ ಎರಡು ಉತ್ಪಾದನಾ ವ್ಯವಸ್ಥೆಗಳು ಒಂದೇ ಸಿಸ್‌ಪ್ಲೆಕ್ಸ್‌ನ, ಅಂದರೆ ಒಟ್ಟಾಗಿ ಕೆಲಸಮಾಡುವ ವ್ಯವಸ್ಥೆಗಳ ಸಮೂಹದ, ಸದಸ್ಯರಾಗಿದ್ದು, ಹಂಚಿಕೊಂಡ ಸಂಪನ್ಮೂಲಗಳ ಸರದಿಯನ್ನು ಗ್ಲೋಬಲ್ ರಿಸೋರ್ಸ್ ಸೀರಿಯಲೈಸೇಷನ್, ಅಂದರೆ ಜಿಆರ್‌ಎಸ್, ರಿಂಗ್ ಮಾದರಿಯಲ್ಲಿ ಕಾಯುತ್ತಿತ್ತು. ಡಿ1 ಎಂಬ ಮೂರನೆಯದು ಅಭಿವೃದ್ಧಿ ತಂಡದ ವ್ಯವಸ್ಥೆ. ಅದು ಸಿಸ್‌ಪ್ಲೆಕ್ಸ್‌ನ ಹೊರಗೆ ಒಂಟಿಯಾಗಿ ನಡೆಯುತ್ತಿದ್ದರೂ ಕೆಲವು ಡಿಸ್ಕುಗಳನ್ನು ಉತ್ಪಾದನಾ ವ್ಯವಸ್ಥೆಗಳೊಂದಿಗೆ ಹಂಚಿಕೊಂಡಿತ್ತು. ಮುಂದೆ ನಡೆದುದಕ್ಕೆಲ್ಲ ಬೇರು ಈ ಕೊನೆಯ ವಾಕ್ಯದಲ್ಲಿದೆ. ಆದರೆ ಕೆಲಸ ಆರಂಭವಾದಾಗ ಯಾರೂ ಅದನ್ನು ಸಮಸ್ಯೆಯೆಂದು ಎಣಿಸಿರಲಿಲ್ಲ.

ತಂಡದ ಮುಂದೆ ಬಂದ ದೂರು ಬೇರೆಯೇ ಆಗಿತ್ತು. ತಿಂಗಳ ಕೊನೆಯ ರಾತ್ರಿ ಬ್ಯಾಚ್ ಕೆಲಸಗಳು ನಡುವೆಯೇ ನಿಂತುಬಿಡುತ್ತಿದ್ದವು. ಕನ್ಸೋಲ್‌ನಲ್ಲಿ ಡಿಸ್ಕಿಗೆ ಹೋದ ಕೋರಿಕೆ ಇನ್ನೂ ಆರಂಭವಾಗಿಲ್ಲವೆಂದು ಹೇಳುವ ಐಒಎಸ್071ಐ ಸಂದೇಶವೂ, ಅದರ ಹಿಂದೆಯೇ ಆ ಡಿಸ್ಕನ್ನು ಯಾವ ವ್ಯವಸ್ಥೆ ಕಾದಿರಿಸಿಕೊಂಡಿದೆಯೆಂದು ತಿಳಿಸುವ ಐಒಎಸ್431ಐ ಸಂದೇಶವೂ ಬರುತ್ತಿದ್ದವು. ಆಪರೇಟರುಗಳು ರೂಢಿಯಂತೆ ಡಿ ಜಿಆರ್‌ಎಸ್,ಸಿ ಆದೇಶ ಕೊಟ್ಟು, ಯಾರು ಯಾರಿಗಾಗಿ ಕಾಯುತ್ತಿದ್ದಾರೆಂದು ನೋಡಿ, ಹಿಡಿದಿಟ್ಟುಕೊಂಡಂತೆ ಕಂಡ ಕೆಲಸವನ್ನು ರದ್ದುಮಾಡುತ್ತಿದ್ದರು. ಬ್ಯಾಚ್ ಮುಂದುವರಿಯುತ್ತಿತ್ತು, ಆದರೆ ರದ್ದಾದದ್ದು ಬಹಳ ಸಲ ತಪ್ಪಿಲ್ಲದ ಕೆಲಸವೇ ಆಗಿರುತ್ತಿತ್ತು.

ಕಾರಣ ತಿಳಿಯಲು ಜಿಆರ್‌ಎಸ್ ಒಂದು ಕೋರಿಕೆಯನ್ನು ಹೇಗೆ ನೋಡುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಪ್ರತಿ ಸಂಪನ್ಮೂಲಕ್ಕೂ ಎರಡು ಭಾಗಗಳ ಹೆಸರಿರುತ್ತದೆ: ಎಂಟು ಅಕ್ಷರಗಳ ಕ್ಯು-ನೇಮ್ ಮತ್ತು 255 ಅಕ್ಷರಗಳವರೆಗೆ ಉದ್ದವಾಗಬಲ್ಲ ಆರ್-ನೇಮ್. ಡಿಸ್ಕಿನ ವಿಷಯಸೂಚಿಯಾದ ವಿಟಾಕ್ ಅನ್ನು ತಿದ್ದುವವರು ಸಿಸ್‌ವಿಟಾಕ್ ಎಂಬ ಕ್ಯು-ನೇಮ್‌ನೊಂದಿಗೆ ಆ ಡಿಸ್ಕಿನ ಆರಕ್ಷರದ ವಾಲ್ಯೂಮ್ ಹೆಸರನ್ನು ಕೊಡುತ್ತಾರೆ. ಡೇಟಾಸೆಟ್‌ಗಳು, ಅಂದರೆ ಕಡತಗಳು, ಯಾವ ಡಿಸ್ಕಿನಲ್ಲಿವೆಯೆಂದು ಹೇಳುವ ಕ್ಯಾಟಲಾಗ್ ತಿದ್ದುವವರು ಸಿಸ್‌ಐಜಿಜಿವಿ2 ಎಂಬುದರೊಂದಿಗೆ ಕ್ಯಾಟಲಾಗಿನ ಹೆಸರನ್ನು ಕೊಡುತ್ತಾರೆ. ಎನ್‌ಕ್ಯು ಎಂಬ ಕೋರಿಕೆ ಹೆಸರನ್ನು ಮಾತ್ರ ಹಿಡಿಯುತ್ತದೆ. ರಿಸರ್ವ್ ಎಂಬುದು ಹೆಸರಿನ ಜೊತೆಗೆ ಇಡೀ ಡಿಸ್ಕನ್ನೇ ಯಂತ್ರಾಂಶದ ಮಟ್ಟದಲ್ಲಿ ಹಿಡಿದು, ಬೇರೆ ವ್ಯವಸ್ಥೆಗಳಿಂದ ಬರುವ ಓದು ಬರಹಗಳನ್ನೆಲ್ಲ ತಡೆಯುತ್ತದೆ. ಒಂದು ಪೆಟ್ಟಿಗೆಯನ್ನು ಕಾಪಾಡಲು ಇಡೀ ಮನೆಗೆ ಬೀಗ ಹಾಕಿಕೊಂಡ ಹಾಗೆ.

ಈ ಕೋರಿಕೆಗಳನ್ನು ಎಷ್ಟು ದೂರ ಹರಡಬೇಕೆಂದು ತೀರ್ಮಾನಿಸಲು ವ್ಯವಸ್ಥೆಯ ನಿಯತಾಂಕಗಳ ಲೈಬ್ರರಿಯಾದ ಪಾರ್ಮ್‌ಲಿಬ್‌ನ ಜಿಆರ್‌ಎಸ್‌ಆರ್‌ಎನ್‌ಎಲ್ ಸದಸ್ಯದಲ್ಲಿ ಮೂರು ಪಟ್ಟಿಗಳಿರುತ್ತವೆ. ಸೇರ್ಪಡೆ ಪಟ್ಟಿಯಲ್ಲಿರುವ ಸ್ಥಳೀಯ ಎನ್‌ಕ್ಯುಗಳು ಇಡೀ ಸಮೂಹಕ್ಕೆ ಅನ್ವಯವಾಗುತ್ತವೆ. ಸಾಮಾನ್ಯವಾಗಿ ಡೇಟಾಸೆಟ್‌ಗಳ ಸಿಸ್‌ಡಿಎಸ್‌ಎನ್ ಇಲ್ಲಿರುತ್ತದೆ. ಹೊರಗಿಡುವ ಪಟ್ಟಿಯಲ್ಲಿರುವವು ಸ್ಥಳೀಯವಾಗಿಯೇ ಉಳಿಯುತ್ತವೆ. ಪ್ರತಿ ವ್ಯವಸ್ಥೆಯಲ್ಲೂ ಅದೇ ಹೆಸರಿನಲ್ಲಿದ್ದು ಪರಸ್ಪರ ಸಂಬಂಧವಿಲ್ಲದ, ದೋಷಗಳ ದಾಖಲೆಯಾದ ಸಿಸ್1.ಲಾಗ್‌ರೆಕ್‌ನಂಥವುಗಳಿಗೆ ಇದು ಬೇಕು. ಮೂರನೆಯದು ರಿಸರ್ವ್ ಪರಿವರ್ತನೆಯ ಪಟ್ಟಿ. ರಿಸರ್ವ್ ಕೋರಿಕೆ ಬಂದಾಗ ಜಿಆರ್‌ಎಸ್ ಮೊದಲು ಹೊರಗಿಡುವ ಪಟ್ಟಿಯನ್ನು ನೋಡುತ್ತದೆ. ಹೆಸರು ಅಲ್ಲಿದ್ದರೆ ಎನ್‌ಕ್ಯು ಸ್ಥಳೀಯವಾಗಿ ಉಳಿದು ಯಂತ್ರಾಂಶದ ರಿಸರ್ವ್ ಹೋಗುತ್ತದೆ. ಅಲ್ಲಿಲ್ಲದೆ ಪರಿವರ್ತನೆಯ ಪಟ್ಟಿಯಲ್ಲಿದ್ದರೆ ಯಂತ್ರಾಂಶದ ರಿಸರ್ವ್ ರದ್ದಾಗಿ ಜಾಗತಿಕ ಎನ್‌ಕ್ಯು ಮಾತ್ರ ಉಳಿಯುತ್ತದೆ. ಎರಡರಲ್ಲೂ ಇಲ್ಲದಿದ್ದರೆ ಎರಡೂ ನಡೆಯುತ್ತವೆ: ಹೆಸರೂ ಸಮೂಹದಾದ್ಯಂತ ಹಿಡಿಯಲ್ಪಡುತ್ತದೆ, ಡಿಸ್ಕೂ ಬಂದಾಗುತ್ತದೆ.

ಈ ಕೇಂದ್ರದಲ್ಲಿ ಪರಿವರ್ತನೆಯ ಪಟ್ಟಿ ಖಾಲಿಯಿತ್ತು, ಮತ್ತು ಅದಕ್ಕೆ ಒಂದು ಕಾಲಕ್ಕೆ ಒಪ್ಪುವಂಥ ಕಾರಣವಿತ್ತು. ರಿಂಗ್ ಮಾದರಿಯಲ್ಲಿ ಪ್ರತಿ ಜಾಗತಿಕ ಕೋರಿಕೆಯೂ ವ್ಯವಸ್ಥೆಯಿಂದ ವ್ಯವಸ್ಥೆಗೆ ಸುತ್ತುವ ಆರ್‌ಎಸ್‌ಎ ಸಂದೇಶದಲ್ಲಿ ಏರಿ ಸುತ್ತು ಮುಗಿಸಬೇಕು. ಆ ಸಂದೇಶ ಒಂದೊಂದು ವ್ಯವಸ್ಥೆಯಲ್ಲೂ ಕನಿಷ್ಠ ಎಷ್ಟು ಹೊತ್ತು ನಿಲ್ಲಬೇಕೆಂಬುದನ್ನು ರೆಸ್‌ಮಿಲ್ ಎಂಬ ನಿಯತಾಂಕ ಹೇಳುತ್ತದೆ, ಅದರ ಪೂರ್ವನಿಗದಿತ ಮೌಲ್ಯ 10 ಮಿಲಿಸೆಕೆಂಡ್. ಆದ್ದರಿಂದ ಹಳೆಯ ತಂಡ ರಿಸರ್ವ್‌ಗಳನ್ನು ಹಾಗೆಯೇ ಬಿಟ್ಟಿತ್ತು. ಫಲವಾಗಿ ಪ್ರತಿ ರಿಸರ್ವ್‌ಗೂ ಅವರು ಎರಡು ಬೆಲೆ ತೆರುತ್ತಿದ್ದರು: ರಿಂಗ್‌ನ ಸುತ್ತೂ ತಪ್ಪಲಿಲ್ಲ, ಡಿಸ್ಕಿನ ಬೀಗವೂ ತಪ್ಪಲಿಲ್ಲ.

ಇನ್ನು ಬ್ಯಾಚ್ ನಿಲ್ಲುತ್ತಿದ್ದ ರೀತಿ. ಪಿ1ರಲ್ಲಿ ಚದುರಿದ ಖಾಲಿ ಜಾಗವನ್ನು ಒಟ್ಟುಗೂಡಿಸುವ, ಡಿಎಫ್‌ಎಸ್‌ಎಂಎಸ್‌ಡಿಎಸ್‌ಎಸ್ ಉಪಕರಣದ ಡಿಫ್ರಾಗ್ ಕೆಲಸ ಒಂದು ಡಿಸ್ಕಿನ ಸಿಸ್‌ವಿಟಾಕ್ ಹೆಸರನ್ನು ಹಿಡಿದು, ಅದರೊಂದಿಗೆ ಆ ಡಿಸ್ಕನ್ನೂ ಕಾದಿರಿಸಿಕೊಂಡು, ಡೇಟಾಸೆಟ್‌ಗಳನ್ನು ಸರಿಸುತ್ತಿತ್ತು. ಅದೇ ಹೊತ್ತಿಗೆ ಪಿ2ರಲ್ಲಿ ಒಂದು ಕೆಲಸ ಮತ್ತೊಂದು ಡಿಸ್ಕಿನಲ್ಲಿದ್ದ ಕ್ಯಾಟಲಾಗನ್ನು ಹಿಡಿದು, ಮೊದಲ ಡಿಸ್ಕಿನಲ್ಲಿದ್ದ ಡೇಟಾಸೆಟ್‌ನ ವಿವರವನ್ನು ತಿದ್ದಲು ಅಂಥ ವಿವರಗಳನ್ನಿಡುವ ಆ ಡಿಸ್ಕಿನ ವಿವಿಡಿಎಸ್‌ಗೆ ಹೋಗಬೇಕಾಗಿತ್ತು. ಹೆಸರಿನ ಮಟ್ಟದಲ್ಲಿ ಅದಕ್ಕೆ ಅಡ್ಡಿಯೇ ಇರಲಿಲ್ಲ, ಏಕೆಂದರೆ ವಿವಿಡಿಎಸ್‌ನ ಕ್ಯು-ನೇಮ್ ಆದ ಸಿಸ್‌ಜಡ್‌ವಿವಿಡಿಎಸ್ ಬೇರೆ, ಸಿಸ್‌ವಿಟಾಕ್ ಬೇರೆ. ಆದರೆ ಡಿಸ್ಕೇ ಬಂದಾಗಿದ್ದರಿಂದ ಅದರ ಓದಿನ ಕೋರಿಕೆ ನಿಂತಿತು. ಅತ್ತ ಡಿಫ್ರಾಗ್‌ಗೆ ತಾನು ಸರಿಸಿದ ಡೇಟಾಸೆಟ್‌ಗಾಗಿ ಪಿ2 ಹಿಡಿದಿದ್ದ ಅದೇ ಕ್ಯಾಟಲಾಗ್ ಬೇಕಾಯಿತು. ಇಬ್ಬರೂ ಕಾದರು.

ಈ ಬಿಗಿಯ ಅರ್ಧ ಮಾತ್ರ ಜಿಆರ್‌ಎಸ್‌ಗೆ ಕಾಣುತ್ತದೆ. ಡಿ ಜಿಆರ್‌ಎಸ್,ಸಿ ತೋರಿಸುವುದು ಪಿ2ರ ಕ್ಯಾಟಲಾಗ್ ವಿಳಾಸಾವಕಾಶ ಸಿಸ್‌ಐಜಿಜಿವಿ2 ಹೆಸರನ್ನು ಹಿಡಿದಿದೆ, ಪಿ1ರ ಡಿಫ್ರಾಗ್ ಅದಕ್ಕಾಗಿ ಕಾಯುತ್ತಿದೆ ಎಂಬುದನ್ನಷ್ಟೆ. ಅವಲಂಬನೆಯ ಸರಪಳಿಯನ್ನು ಹುಡುಕುವ ಅನಲೈಸ್ ಆದೇಶವೂ ಪಿ2ರಲ್ಲಿಯೇ ನಿಲ್ಲುತ್ತದೆ, ಏಕೆಂದರೆ ಪಿ2 ಕಾಯುತ್ತಿರುವುದು ಯಾವ ಹೆಸರಿಗಾಗಿಯೂ ಅಲ್ಲ, ಡಿಸ್ಕಿಗಾಗಿ. ಆಪರೇಟರುಗಳು ಪಿ2ರ ಕೆಲಸವನ್ನು ರದ್ದುಮಾಡುತ್ತಿದ್ದುದು ಆ ತೆರೆಯನ್ನು ನಂಬಿ. ಉಳಿದರ್ಧ ಐಒಎಸ್ ಸಂದೇಶಗಳಲ್ಲಿತ್ತು, ಮತ್ತು ಅವುಗಳನ್ನು ಡಿಸ್ಕ್ ವಿಭಾಗದವರ ಸಮಸ್ಯೆಯೆಂದು ಬದಿಗಿಡುವುದು ಅಲ್ಲಿನ ವಾಡಿಕೆಯಾಗಿತ್ತು. ಎರಡು ಬಗೆಯ ಸಂದೇಶಗಳನ್ನೂ ಒಂದೇ ಕಾಲರೇಖೆಯ ಮೇಲೆ ಇಟ್ಟು ನೋಡಿದ ಮೇಲೆ ವಿವಾದ ಉಳಿಯಲಿಲ್ಲ.

ರಿಂಗ್‌ನಿಂದ ಸ್ಟಾರ್‌ಗೆ

ಹೊಸ ಯಂತ್ರದೊಂದಿಗೆ, ವ್ಯವಸ್ಥೆಗಳೆಲ್ಲ ಹಂಚಿಕೊಳ್ಳುವ ಸ್ಮೃತಿಯನ್ನು ಒದಗಿಸುವ ಎರಡು ಕಪ್ಲಿಂಗ್ ಫೆಸಿಲಿಟಿಗಳು ಬಂದಿದ್ದರಿಂದ ಸ್ಟಾರ್ ಮಾದರಿಗೆ ಹೋಗುವ ದಾರಿ ತೆರೆದಿತ್ತು. ಸಿಸ್‌ಪ್ಲೆಕ್ಸ್ ಬಂದದ್ದು 1990ರಲ್ಲಿ, ಕಪ್ಲಿಂಗ್ ಫೆಸಿಲಿಟಿಯನ್ನು ತಂದ ಪ್ಯಾರಲಲ್ ಸಿಸ್‌ಪ್ಲೆಕ್ಸ್ 1994ರಲ್ಲಿ. ಜಿಆರ್‌ಎಸ್ ಸ್ಟಾರ್ ಬಂದದ್ದು 1996ರಲ್ಲಿ, ಜಡ್/ಓಎಸ್‌ಗಿಂತ ಹಿಂದಿನ ಒಎಸ್/390ರ ಎರಡನೆಯ ಬಿಡುಗಡೆಯೊಂದಿಗೆ. ಸ್ಟಾರ್‌ನಲ್ಲಿ ಸುತ್ತುವ ಸಂದೇಶವಿಲ್ಲ. ಸಂಪನ್ಮೂಲದ ಹೆಸರನ್ನು ಹ್ಯಾಶ್ ಮಾಡಿ ಕಪ್ಲಿಂಗ್ ಫೆಸಿಲಿಟಿಯಲ್ಲಿರುವ ಐಎಸ್‌ಜಿಲಾಕ್ ಎಂಬ ಲಾಕ್ ರಚನೆಯ ಒಂದು ನಮೂದನ್ನು ಹಿಡಿಯಲಾಗುತ್ತದೆ. ಪೈಪೋಟಿ ಇಲ್ಲದಿದ್ದರೆ ಬೇರೆ ಯಾವ ವ್ಯವಸ್ಥೆಯನ್ನೂ ಕೇಳಬೇಕಾಗಿಲ್ಲ. ರಿಂಗ್‌ನಲ್ಲಿ ಪ್ರತಿ ವ್ಯವಸ್ಥೆಯೂ ಇಡೀ ಸಮೂಹದ ಸರದಿಯ ಪ್ರತಿಯನ್ನು ಇಟ್ಟುಕೊಳ್ಳುತ್ತಿತ್ತು. ಸ್ಟಾರ್‌ನಲ್ಲಿ ತನ್ನ ಕೋರಿಕೆಗಳನ್ನಷ್ಟೇ ಇಟ್ಟುಕೊಳ್ಳುತ್ತದೆ. ಹಾಗಾಗಿ ಸಮೂಹದಾದ್ಯಂತ ಯಾರು ಏನು ಹಿಡಿದಿದ್ದಾರೆಂದು ಪದೇ ಪದೇ ಕೇಳುವ ನಿಗಾ ಉಪಕರಣಗಳು ಸ್ಟಾರ್‌ನಲ್ಲಿ ಹೆಚ್ಚು ದುಬಾರಿಯಾಗುತ್ತವೆ. ಇದನ್ನು ಮೊದಲೇ ಎಣಿಸಿಕೊಳ್ಳುವವರು ಕಡಿಮೆ.

ವಲಸೆಯ ಹಂತಗಳು ಪುಸ್ತಕದಲ್ಲಿರುವಂತೆಯೇ ನಡೆದವು, ಅವುಗಳ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಸಿಸ್‌ಪ್ಲೆಕ್ಸ್‌ನ ಸ್ಥಿತಿಯನ್ನು ದಾಖಲಿಸುವ ಕಪಲ್ ಡೇಟಾಸೆಟ್‌ಗಳನ್ನು ಜಿಆರ್‌ಎಸ್ ದಾಖಲೆ ಸೇರಿಸಿ ಹೊಸದಾಗಿ ಫಾರ್ಮ್ಯಾಟ್ ಮಾಡಿ ಬದಲಾಯಿಸಲಾಯಿತು. ಕಪ್ಲಿಂಗ್ ಫೆಸಿಲಿಟಿಯ ರಚನೆಗಳನ್ನು ನಿರ್ದೇಶಿಸುವ ಸಿಎಫ್‌ಆರ್‌ಎಂ ನೀತಿಯಲ್ಲಿ ಐಎಸ್‌ಜಿಲಾಕ್ ಅನ್ನು ವಿವರಿಸಿ, ಆದ್ಯತೆಯ ಪಟ್ಟಿಯಲ್ಲಿ ಎರಡೂ ಕಪ್ಲಿಂಗ್ ಫೆಸಿಲಿಟಿಗಳನ್ನು ಕೊಡಲಾಯಿತು. ಇದು ಐಚ್ಛಿಕವೆಂದು ಭಾವಿಸಬಾರದು: ಒಂದು ಕಪ್ಲಿಂಗ್ ಫೆಸಿಲಿಟಿ ಬಿದ್ದಾಗ ಲಾಕ್ ರಚನೆಯನ್ನು ವ್ಯವಸ್ಥೆಗಳು ತಮ್ಮ ಸ್ಮೃತಿಯಿಂದ ಇನ್ನೊಂದರಲ್ಲಿ ಮರಳಿ ಕಟ್ಟುತ್ತವೆ, ಕಟ್ಟಲು ಜಾಗವೇ ಇಲ್ಲದಿದ್ದರೆ ಅವು 0ಎ3 ಎಂಬ ನಿಲುಗಡೆ ಸ್ಥಿತಿಗೆ ಹೋಗಿ ನಿಲ್ಲುತ್ತವೆ. ಅನಂತರ ಸೆಟ್‌ಜಿಆರ್‌ಎಸ್ ಮೋಡ್=ಸ್ಟಾರ್ ಆದೇಶ. ಅಷ್ಟು ಹೊತ್ತು ಜಾಗತಿಕ ಕೋರಿಕೆಗಳು ತಡೆಹಿಡಿಯಲ್ಪಡುತ್ತವೆ, ಆದರೆ ಐಪಿಎಲ್, ಅಂದರೆ ವ್ಯವಸ್ಥೆಯ ಮರು ಆರಂಭ, ಬೇಕಾಗುವುದಿಲ್ಲ. ಮರಳಿ ರಿಂಗ್‌ಗೆ ಹೋಗಬೇಕೆಂದರೆ ಮಾತ್ರ ಇಡೀ ಸಿಸ್‌ಪ್ಲೆಕ್ಸ್ ಅನ್ನು ಇಳಿಸಿ ಏರಿಸಬೇಕು. ಐಪಿಎಲ್ ವೇಳೆ ಓದಲಾಗುವ ಐಇಎಸಿಸ್ ಸದಸ್ಯದಲ್ಲಿಯೂ ಜಿಆರ್‌ಎಸ್=ಸ್ಟಾರ್ ಎಂದು ಅದೇ ದಿನ ಬದಲಾಯಿಸಲಾಯಿತು; ಮುಂದಿನ ಐಪಿಎಲ್ ಯಾವಾಗ ಬರುತ್ತದೆಯೋ ಹೇಳಲಾಗದು.

ಐಎಸ್‌ಜಿಲಾಕ್‌ನ ಗಾತ್ರದ ಬಗ್ಗೆ ಒಂದು ಮಾತು. ನಮೂದುಗಳು ಕಡಿಮೆಯಾದರೆ ಎರಡು ಬೇರೆ ಹೆಸರುಗಳು ಒಂದೇ ನಮೂದಿಗೆ ಬಿದ್ದು, ಇಲ್ಲದ ಪೈಪೋಟಿ ಇದ್ದಂತೆ ತೋರುತ್ತದೆ. ಅದನ್ನು ಬಿಡಿಸಲು ವ್ಯವಸ್ಥೆಗಳು ಎಕ್ಸ್‌ಸಿಎಫ್ ಎಂಬ ಸಂದೇಶ ಸೇವೆಯ ಮೂಲಕ ಮಾತಾಡಿಕೊಳ್ಳಬೇಕಾಗುತ್ತದೆ. ಕಾರ್ಯಕ್ಷಮತೆಯನ್ನು ಅಳೆಯುವ ಆರ್‌ಎಂಎಫ್‌ನ ಕಪ್ಲಿಂಗ್ ಫೆಸಿಲಿಟಿ ವರದಿ ಇದನ್ನು ಸುಳ್ಳು ಪೈಪೋಟಿಯೆಂದು ಬೇರೆಯಾಗಿ ತೋರಿಸುತ್ತದೆ. ರಿಸರ್ವ್‌ಗಳನ್ನು ಪರಿವರ್ತಿಸಿದ ಮೇಲೆ ಪರಿಸ್ಥಿತಿ ಬದಲಾಗಬಹುದಾದ್ದರಿಂದ ಗಾತ್ರವನ್ನು ಮೊದಲೇ ಧಾರಾಳವಾಗಿ ಇಡಲಾಯಿತು. ಈ ವಿಷಯದಲ್ಲಿ ಜಿಪುಣತನಕ್ಕೆ ಅರ್ಥವಿಲ್ಲ.

ಆರೋಗ್ಯ ತಪಾಸಣೆಯ ಸಲಹೆ

ಸ್ಟಾರ್ ಬಂದ ಕೂಡಲೇ, ವ್ಯವಸ್ಥೆಯ ನಿಯತಾಂಕಗಳನ್ನು ಪರೀಕ್ಷಿಸುವ ಹೆಲ್ತ್ ಚೆಕರ್‌ನ ಜಿಆರ್‌ಎಸ್_ಕನ್ವರ್ಟ್_ರಿಸರ್ವ್ಸ್ ಎಂಬ ತಪಾಸಣೆ ಎಚ್ಚರಿಕೆ ಕೊಟ್ಟಿತು. ಸ್ಟಾರ್‌ನಲ್ಲಿ ಪರಿವರ್ತನೆ ಅಗ್ಗವಾದ್ದರಿಂದ ಎಲ್ಲ ರಿಸರ್ವ್‌ಗಳನ್ನೂ ಪರಿವರ್ತಿಸಿ ಎಂಬುದು ಅದರ ಸಲಹೆ. ತಂಡ ಪರಿವರ್ತನೆಯ ಪಟ್ಟಿಯಲ್ಲಿ ಪ್ಯಾಟರ್ನ್ ಬಗೆಯ ಒಂದೇ ನಮೂದನ್ನು, ಕ್ಯು-ನೇಮ್ ಜಾಗದಲ್ಲಿ ನಕ್ಷತ್ರ ಚಿಹ್ನೆಯಿಟ್ಟು, ಸೇರಿಸಿತು. ಬ್ಯಾಚ್ ನಿಲ್ಲುವುದು ತಪ್ಪಿತು. ಮುಂದಿನ ತಿಂಗಳ ಕೊನೆ ಸಲೀಸಾಗಿ ಕಳೆಯಿತು, ಮತ್ತು ಪ್ರಕರಣ ಮುಗಿಯಿತೆಂದು ಬರೆದಿಡಲಾಯಿತು.

ಈ ಸಲಹೆ ತಪ್ಪಲ್ಲ. ಆದರೆ ಅದರೊಳಗೆ ಹೇಳದೇ ಬಿಟ್ಟ ಒಂದು ಷರತ್ತಿದೆ: ಡಿಸ್ಕನ್ನು ಮುಟ್ಟುವ ಪ್ರತಿಯೊಂದು ವ್ಯವಸ್ಥೆಯೂ ಅದೇ ಜಿಆರ್‌ಎಸ್ ಸಮೂಹದೊಳಗಿರಬೇಕು. ತಪಾಸಣೆ ಪಟ್ಟಿಯನ್ನು ಓದಬಲ್ಲದು. ಡಿಸ್ಕಿನ ಆಚೆ ತುದಿಯಲ್ಲಿ ಯಾರಿದ್ದಾರೆಂದು ಅದಕ್ಕೆ ಗೊತ್ತಿಲ್ಲ. ಯಂತ್ರಾಂಶದ ರಿಸರ್ವ್ ಒರಟಾದುದು, ನಿಧಾನವಾದುದು, ಬಿಗಿಗಳನ್ನು ಹುಟ್ಟಿಸುವಂಥದ್ದು. ಆದರೂ ಅದಕ್ಕೆ ಒಂದು ಗುಣವಿದೆ. ಜಿಆರ್‌ಎಸ್‌ನ ಪರಿಚಯವೇ ಇಲ್ಲದ ವ್ಯವಸ್ಥೆಯನ್ನೂ ಅದು ತಡೆಯುತ್ತದೆ. ಡಿ1ರಿಂದ ಹಂಚಿಕೊಂಡ ಡಿಸ್ಕುಗಳನ್ನು ಇಷ್ಟು ವರ್ಷ ಕಾಪಾಡಿದ್ದು ಅದೊಂದೇ. ನಕ್ಷತ್ರ ಚಿಹ್ನೆಯ ಆ ಒಂದು ಸಾಲು ಆ ಕಾವಲನ್ನು ಸದ್ದಿಲ್ಲದೆ ತೆಗೆದುಹಾಕಿತ್ತು.

ಕೆಲವು ವಾರಗಳ ಅನಂತರ ಪಿ1ರ ಕನ್ಸೋಲ್‌ನಲ್ಲಿ ಒಂದು ಡಿಸ್ಕಿನ ವಿಟಾಕ್ ಸೂಚಿ ನಿಷ್ಕ್ರಿಯವಾಯಿತೆಂಬ ಐಇಸಿ606ಐ ಸಂದೇಶ ಬಂತು. ಸೂಚಿ ಕೆಡಲು ಹಲವು ಕಾರಣಗಳಿರುತ್ತವೆ, ಐಸಿಕೆಡಿಎಸ್‌ಎಫ್ ಎಂಬ ಡಿಸ್ಕ್ ಉಪಕರಣದಿಂದ ಮತ್ತೆ ಕಟ್ಟಿದರೆ ಮುಗಿಯಿತು ಎಂಬ ಸಾಮಾನ್ಯ ಉತ್ತರವೇ ಮೊದಲು ಸಿಕ್ಕಿತು. ಸರದಿ ನಿಯಂತ್ರಣದ ಬಗ್ಗೆ ಅನುಮಾನ ಹುಟ್ಟಿದ್ದು ಆ ಡಿಸ್ಕಿನ ವಿಷಯಸೂಚಿಯನ್ನು ಪಟ್ಟಿಮಾಡಿ ನೋಡಿದಾಗ: ಒಂದೇ ಟ್ರ್ಯಾಕುಗಳನ್ನು ಎರಡು ಡೇಟಾಸೆಟ್‌ಗಳು ತಮ್ಮವೆಂದು ಹೇಳುತ್ತಿದ್ದವು, ಮತ್ತು ಅವುಗಳಲ್ಲಿ ಒಂದು ಡಿ1ರಲ್ಲಿ ಹುಟ್ಟಿದ್ದು.

ನಡೆದದ್ದನ್ನು ಹೀಗೆ ಕಟ್ಟಿಕೊಳ್ಳಬಹುದು. ಪಿ1 ಹೊಸ ಡೇಟಾಸೆಟ್‌ಗೆ ಜಾಗ ಹುಡುಕಲು ಸಿಸ್‌ವಿಟಾಕ್ ಹೆಸರನ್ನು ಜಾಗತಿಕವಾಗಿ ಹಿಡಿದು ಖಾಲಿ ಜಾಗದ ವಿವರವನ್ನು ಓದಿತು. ಡಿಸ್ಕನ್ನು ಕಾದಿರಿಸಲಿಲ್ಲ, ಏಕೆಂದರೆ ರಿಸರ್ವ್ ಈಗ ಪರಿವರ್ತಿತವಾಗಿತ್ತು. ಡಿ1ಕ್ಕೆ ಪಿ1ರ ಎನ್‌ಕ್ಯು ಕಾಣುವುದಿಲ್ಲ. ಅದು ಎಂದಿನಂತೆ ಡಿಸ್ಕನ್ನು ಕಾದಿರಿಸಿ, ಅದೇ ಖಾಲಿ ಜಾಗವನ್ನು ಓದಿ, ಅದನ್ನು ತನ್ನ ಡೇಟಾಸೆಟ್‌ಗೆ ಕೊಟ್ಟು, ಬರೆದು, ಬಿಟ್ಟಿತು. ಆ ಕ್ಷಣದಲ್ಲಿ ಪಿ1ರ ಬರಹದ ಕೋರಿಕೆ ಸ್ವಲ್ಪ ಕಾದಿರಬಹುದು. ಕಾದ ಮೇಲೆ ಅದು ಬರೆದದ್ದು ಹಳೆಯ ಓದಿನ ಆಧಾರದ ಮೇಲೆ. ಡಿ1ರ ರಿಸರ್ವ್ ಡಿ1ರ ಕೆಲಸವನ್ನು ಕಾಪಾಡಿತು, ಪಿ1ರ ಕೆಲಸವನ್ನಲ್ಲ.

ಡಿಸ್ಕನ್ನು ಕೇಳುವುದು

ಮೊದಲ ಕ್ರಮವಾಗಿ ಆ ಡಿಸ್ಕನ್ನು ಡಿ1ರಲ್ಲಿ ಆಫ್‌ಲೈನ್ ಮಾಡಿ, ಕೆಟ್ಟ ಡೇಟಾಸೆಟ್‌ ಅನ್ನು ಬ್ಯಾಕಪ್‌ನಿಂದ ಬೇರೆ ಡಿಸ್ಕಿಗೆ ತಂದು, ಸೂಚಿಯನ್ನು ಮರಳಿ ಕಟ್ಟಲಾಯಿತು. ಅನಂತರ ಎದ್ದ ಪ್ರಶ್ನೆ, ಹೀಗೆ ಹಂಚಿಕೆಯಾಗಿರುವ ಡಿಸ್ಕುಗಳು ಒಟ್ಟು ಯಾವುವು ಎಂಬುದು. ದಾಖಲೆಯಲ್ಲಿ ಬೆರಳೆಣಿಕೆಯಷ್ಟು ಹೆಸರುಗಳಿದ್ದವು. ದಾಖಲೆಯನ್ನು ನಂಬದೆ ಡಿಸ್ಕ್ ನಿಯಂತ್ರಕವನ್ನೇ ಕೇಳುವ ಒಂದು ದಾರಿಯಿದೆ: ಡೆವ್‌ಸರ್ವ್ ಕ್ಯುಡ್ಯಾಸ್ಡ್ ಆದೇಶಕ್ಕೆ ಕ್ಯುಎಚ್‌ಎ ಎಂಬ ಆಯ್ಕೆ ಕೊಟ್ಟರೆ, ಆ ಡಿಸ್ಕಿನೊಂದಿಗೆ ಪಾತ್ ಗುಂಪು, ಅಂದರೆ ಸಂಪರ್ಕದ ದಾರಿಗಳ ಗುಂಪು, ಕಟ್ಟಿಕೊಂಡಿರುವ ವ್ಯವಸ್ಥೆಗಳ ಗುರುತುಗಳು ಬರುತ್ತವೆ. ನನ್ನ ಅಭಿಪ್ರಾಯದಲ್ಲಿ ಪರಿವರ್ತನೆಯ ಪಟ್ಟಿಗೆ ಒಂದು ಸಾಲು ಸೇರಿಸುವ ಮೊದಲೇ ಈ ಆದೇಶ ಓಡಬೇಕಿತ್ತು.

ಉತ್ತರ ಅಹಿತಕರವಾಗಿತ್ತು. ದಾಖಲೆಯಲ್ಲಿದ್ದವು ಮಾತ್ರವಲ್ಲ, ಉತ್ಪಾದನೆಯ ಎಷ್ಟೋ ಡಿಸ್ಕುಗಳು ಡಿ1ರಲ್ಲೂ ಆನ್‌ಲೈನ್ ಆಗಿದ್ದವು. ಡಿ1ರ ಐಒ ವಿವರಣೆಯನ್ನು ಒಂದು ಕಾಲದಲ್ಲಿ ಪಿ1ರದರಿಂದ ನಕಲು ಮಾಡಿದ್ದರಿಂದ, ಪ್ರತಿ ಐಪಿಎಲ್‌ನಲ್ಲೂ ಆ ಡಿಸ್ಕುಗಳೆಲ್ಲ ತಾವಾಗಿಯೇ ಮೇಲೆ ಬರುತ್ತಿದ್ದವು. ಅವುಗಳಲ್ಲಿ ಹೆಚ್ಚಿನವನ್ನು ಡಿ1 ಎಂದೂ ಬಳಸಿರಲಿಲ್ಲವೆಂಬುದು ಅದೃಷ್ಟ. ಐಒ ವಿವರಣೆಗಳನ್ನು ಬರೆಯುವ ಎಚ್‌ಸಿಡಿಯಲ್ಲಿ ಡಿ1ಕ್ಕೆ ಪ್ರತ್ಯೇಕವಾದ ಆಪರೇಟಿಂಗ್ ಸಿಸ್ಟಮ್ ವಿವರಣೆ ಮಾಡಿ ಬೇಡದ ಡಿಸ್ಕುಗಳನ್ನು ತೆಗೆದುಹಾಕಲಾಯಿತು.

ನಿಜವಾಗಿ ಹಂಚಿಕೊಳ್ಳಲೇಬೇಕಾದವು ಒಂದು ಬಳಕೆದಾರ ಕ್ಯಾಟಲಾಗೂ ಕೆಲವು ಲೈಬ್ರರಿ ಡಿಸ್ಕುಗಳೂ ಮಾತ್ರ. ಡಿ1ನ್ನು ಸಿಸ್‌ಪ್ಲೆಕ್ಸ್‌ನೊಳಗೆ ತಂದರೆ ಸರದಿಯ ಪ್ರಶ್ನೆ ಒಮ್ಮೆಗೇ ಬಗೆಹರಿಯುತ್ತದೆಂದು ಕೆಲವರು ವಾದಿಸಿದರು. ತಾಂತ್ರಿಕವಾಗಿ ಅದು ಸರಿ. ಆದರೆ ಆಗ ಅಭಿವೃದ್ಧಿಯ ಯಾವುದೋ ಪ್ರಯೋಗ ನಿಂತುಹೋದಾಗ ಅದು ಹಿಡಿದ ಜಾಗತಿಕ ಹೆಸರಿಗಾಗಿ ಉತ್ಪಾದನೆ ಕಾಯಬೇಕಾಗುತ್ತದೆ. ಭದ್ರತೆಯ ವಿಭಾಗವೂ ಒಪ್ಪಲಿಲ್ಲ. ಡಿಸ್ಕುಗಳನ್ನು ಬೇರ್ಪಡಿಸುವುದೆಂದು ನಿಶ್ಚಯವಾಯಿತು, ಮತ್ತು ಅದಕ್ಕೆ ಬೇಕಾದ ಕಾಲಾವಕಾಶದವರೆಗೆ ಯಂತ್ರಾಂಶದ ರಿಸರ್ವ್ ಅನ್ನು ಅಂಥ ಡಿಸ್ಕುಗಳಿಗಷ್ಟೇ ಮರಳಿ ತರುವುದೆಂದೂ.

ಹೊರಗಿಡುವ ಪಟ್ಟಿಯನ್ನೇ ಮೊದಲು ನೋಡಲಾಗುತ್ತದೆಂಬ ನಿಯಮ ಇಲ್ಲಿ ನೆರವಿಗೆ ಬಂತು. ಪರಿವರ್ತನೆಯ ನಕ್ಷತ್ರ ಸಾಲನ್ನು ಹಾಗೆಯೇ ಬಿಟ್ಟು, ಹಂಚಿಕೊಂಡ ಪ್ರತಿ ಡಿಸ್ಕಿಗೂ ಸಿಸ್‌ವಿಟಾಕ್ ಮತ್ತು ಆ ವಾಲ್ಯೂಮ್ ಹೆಸರನ್ನು ಹೊರಗಿಡುವ ಪಟ್ಟಿಗೆ ಸೇರಿಸಲಾಯಿತು. ಕ್ಯಾಟಲಾಗಿನ ವಿಷಯದಲ್ಲಿ ಸಿಸ್‌ಐಜಿಜಿವಿ2 ಮತ್ತು ಸಿಸ್‌ಜಡ್‌ವಿವಿಡಿಎಸ್ ಎರಡಕ್ಕೂ ಒಂದೇ ಉಪಚಾರ ಕೊಡಬೇಕು; ಒಂದನ್ನು ಪರಿವರ್ತಿಸಿ ಇನ್ನೊಂದನ್ನು ಹೊರಗಿಟ್ಟರೆ ಹಳೆಯ ಬಿಗಿ ಹೊಸ ರೂಪದಲ್ಲಿ ಬರುತ್ತದೆ. ಹೆಸರುಗಳನ್ನು ಊಹೆಯಿಂದ ಬರೆಯದೆ ಡಿ ಜಿಆರ್‌ಎಸ್,ಆರ್‌ಇಎಸ್ ಆದೇಶದಲ್ಲಿ ಕಂಡಂತೆಯೇ ನಕಲು ಮಾಡಲಾಯಿತು, ಏಕೆಂದರೆ ಸ್ಪೆಸಿಫಿಕ್ ಬಗೆಯ ನಮೂದು ಅಕ್ಷರಕ್ಕೆ ಅಕ್ಷರ ಹೊಂದದಿದ್ದರೆ ಯಾವ ದೂರನ್ನೂ ಹೇಳದೆ ಸುಮ್ಮನೆ ವ್ಯರ್ಥವಾಗುತ್ತದೆ.

ಹೊಸ ಪಟ್ಟಿಯನ್ನು ಸೆಟ್ ಜಿಆರ್‌ಎಸ್‌ಆರ್‌ಎನ್‌ಎಲ್ ಆದೇಶದಿಂದ ಓಡುತ್ತಿರುವಾಗಲೇ ಜಾರಿಗೆ ತರಬಹುದು, ಆದರೆ ಅದು ಕಾಣುವಷ್ಟು ಸರಳವಲ್ಲ. ಬದಲಾವಣೆಯಿಂದ ಅರ್ಥ ಬದಲಾಗುವ ಹೆಸರನ್ನು ಯಾವುದಾದರೂ ಕೆಲಸ ಹಿಡಿದಿದ್ದರೆ ಅದು ಬಿಡುವವರೆಗೆ ಬದಲಾವಣೆ ಕಾಯುತ್ತದೆ, ಮತ್ತು ಆ ಹೆಸರುಗಳಿಗಾಗಿ ಹೊಸದಾಗಿ ಬರುವವರನ್ನು ಜಿಆರ್‌ಎಸ್ ಅಷ್ಟು ಹೊತ್ತು ಅಮಾನತಿನಲ್ಲಿಡುತ್ತದೆ. ಉದ್ದದ ಒಂದು ಬ್ಯಾಕಪ್ ಕೆಲಸ ಸಾಕು, ಸಾಲು ಬೆಳೆಯಲು. ಡಿ ಜಿಆರ್‌ಎಸ್,ಡಿಲೇ ಬದಲಾವಣೆಯನ್ನು ತಡೆದವರನ್ನೂ, ಡಿ ಜಿಆರ್‌ಎಸ್,ಸಸ್ಪೆಂಡ್ ಅಮಾನತಾದವರನ್ನೂ ತೋರಿಸುತ್ತವೆ. ಎರಡನ್ನೂ ಆಗಾಗ ನೋಡುತ್ತಾ, ಬ್ಯಾಚ್ ಇಲ್ಲದ ಹೊತ್ತಿನಲ್ಲಿ ಆದೇಶ ಕೊಡಲಾಯಿತು. ಪಾರ್ಮ್‌ಲಿಬ್‌ನ ಸದಸ್ಯವನ್ನೂ ಐಇಎಸಿಸ್‌ನ ಉಲ್ಲೇಖವನ್ನೂ ಎರಡೂ ವ್ಯವಸ್ಥೆಗಳಲ್ಲಿ ಕೂಡಲೇ ಸರಿಪಡಿಸಲಾಯಿತು, ಏಕೆಂದರೆ ಪಟ್ಟಿಗಳು ಹೊಂದದ ವ್ಯವಸ್ಥೆ ಐಪಿಎಲ್ ವೇಳೆ ಸಮೂಹಕ್ಕೆ ಸೇರಲಾಗದೆ 0ಎ3ರಲ್ಲಿ ನಿಲ್ಲುತ್ತದೆ.

ಈ ಮಧ್ಯಂತರ ಏರ್ಪಾಡಿನಲ್ಲಿ ಆ ಕೆಲವು ಡಿಸ್ಕುಗಳ ಮಟ್ಟಿಗೆ ಬಿಗಿಯ ಸಾಧ್ಯತೆ ಮರಳಿ ಬಂದಿತ್ತು. ಹಾಗಾಗಿ ಅವುಗಳ ಮೇಲೆ ಡಿಫ್ರಾಗ್ ನಡೆಸುವುದನ್ನು ನಿಲ್ಲಿಸಲಾಯಿತು. ಲೈಬ್ರರಿಗಳೊಳಗಿನ ಮಾಹಿತಿಗೆ ರಿಸರ್ವ್ ಎಂದೂ ಪೂರ್ತಿ ಕಾವಲಾಗಿರಲಿಲ್ಲವೆಂಬುದು ಸಹ ಈ ಪರಿಶೀಲನೆಯಲ್ಲಿ ಹೊರಬಿತ್ತು: ಐಎಸ್‌ಪಿಎಫ್ ಎಂಬ ಪರದೆಯ ಉಪಕರಣದಲ್ಲಿ ಎಡಿಟ್ ಮಾಡುವವರು ಎಸ್‌ಪಿಎಫ್‌ಎಡಿಟ್ ಹೆಸರಿನ ರಿಸರ್ವ್‌ನಿಂದ ಪರಸ್ಪರ ಕಾಪಾಡಿಕೊಂಡರೂ, ಡಿ1ರಲ್ಲಿ ಡೇಟಾಸೆಟ್‌ ಅನ್ನು ಒಂಟಿಯಾಗಿ ಹಿಡಿದು ನಡೆಯುವ, ಲೈಬ್ರರಿ ನಕಲಿಸುವ ಐಇಬಿಕಾಪಿ ಕೆಲಸದ ಸಿಸ್‌ಡಿಎಸ್‌ಎನ್ ಎನ್‌ಕ್ಯು ಪಿ1ಕ್ಕೆ ಕಾಣುವುದೇ ಇಲ್ಲ. ಬೇರ್ಪಡಿಸುವ ನಿರ್ಧಾರಕ್ಕೆ ಇದು ಇನ್ನೊಂದು ಬಲವಾದ ಕಾರಣವಾಯಿತು.

ಬೇರ್ಪಡಿಕೆ ಮುಗಿದದ್ದು ಹಂತಹಂತವಾಗಿ. ಲೈಬ್ರರಿಗಳ ಪ್ರತಿಗಳನ್ನು ಡಿ1ರ ಸ್ವಂತ ಡಿಸ್ಕುಗಳಿಗೆ ತರಲಾಯಿತು, ಹಂಚಿಕೊಂಡ ಕ್ಯಾಟಲಾಗನ್ನು ಕ್ಯಾಟಲಾಗ್ ಉಪಕರಣವಾದ ಐಡಿಕ್ಯಾಮ್ಸ್‌ನ ಎಕ್ಸ್‌ಪೋರ್ಟ್ ಡಿಸ್ಕನೆಕ್ಟ್ ಆದೇಶದಿಂದ ಡಿ1ರ ಮಾಸ್ಟರ್ ಕ್ಯಾಟಲಾಗಿನಿಂದ ಬಿಡಿಸಲಾಯಿತು. ಒಂದೊಂದು ಡಿಸ್ಕಿನ ಬಗ್ಗೆಯೂ ಕ್ಯುಎಚ್‌ಎ ಉತ್ತರದಲ್ಲಿ ಡಿ1ರ ಗುರುತು ಇಲ್ಲವೆಂದು ನೋಡಿದ ಮೇಲೆಯೇ ಅದರ ಹೊರಗಿಡುವ ಸಾಲನ್ನು ತೆಗೆಯಲಾಯಿತು. ಡಿ1ರ ತಂಡದವರ ಮಾತಿನ ಮೇಲೆ ಒಂದನ್ನೂ ತೆಗೆಯಲಿಲ್ಲ. ಬ್ಯಾಚ್ ಕೆಲಸಗಳ ಸರದಿ ನೋಡಿಕೊಳ್ಳುವ ಜೆಇಎಸ್2ರ ಚೆಕ್‌ಪಾಯಿಂಟ್ ತನಗೆಂದೇ ಮೀಸಲಾದ ಡಿಸ್ಕಿನಲ್ಲಿದ್ದು, ಅಲ್ಲಿ ಬೇರಾರೂ ಕಾಯುವವರಿಲ್ಲದ್ದರಿಂದ, ರಿಸರ್ವ್‌ಗಾಗಿ ಇರುವ ಸಾಲುಗಳಲ್ಲಿ ಸಿಸ್‌ಜಡ್‌ಜೆಇಎಸ್2 ಸಾಲು ಮಾತ್ರ ಹೊರಗಿಡುವ ಪಟ್ಟಿಯಲ್ಲಿ ಉಳಿದುಕೊಂಡಿದೆ. ಡಿ1ರಿಂದ ಉತ್ಪಾದನೆಗೆ ಹೋಗುವ ಪ್ರೋಗ್ರಾಮುಗಳು ಈಗ ವ್ಯವಸ್ಥೆಗಳ ನಡುವಿನ ಜಾಲವಾದ ಎನ್‌ಜೆಇ ಮೂಲಕ ಕಳುಹಿಸಲ್ಪಟ್ಟು, ಪಿ1ರಲ್ಲಿ ಓಡುವ ಕೆಲಸವೊಂದರಿಂದಲೇ ಅಲ್ಲಿನ ಲೈಬ್ರರಿಗೆ ಸೇರುತ್ತವೆ.